ರಕ್ತದ ಒಂದು ಅಂಕಿ: ಟ್ಯೂಮರ್ ಮಾರ್ಕರ್ ಪರೀಕ್ಷೆ ಯಾರಿಗೆ, ಯಾವಾಗ?



ಈ ವರದಿಯ ಜಮಾ-ಖರ್ಚಿನ ಪುಟದಲ್ಲಿ "ವೈದ್ಯಕೀಯ ನೆರವು" ಎಂಬ ಬಾಬು ಇದೆ. ಈ ಹಣದಿಂದ ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕುಗಳಲ್ಲಿ ಕ್ಯಾನ್ಸರ್ ರಕ್ತ ತಪಾಸಣಾ ಶಿಬಿರ ನಡೆಸುತ್ತೇವೆಂದು ಕಳೆದ ವರ್ಷದ ಸಭೆಯಲ್ಲಿ ನಾವು ಹೇಳಿದ್ದೆವು. ಶಿಬಿರ ನಡೆಯಲಿಲ್ಲ. ಹಣ ಬೇರೆ ರೀತಿಯಲ್ಲಿ ಖರ್ಚಾಯಿತು. ಯಾಕೆ ಎಂದು ಕೇಳುವ ಹಕ್ಕು ಕೊಟ್ಟವರಿಗೆ ಇದೆ, ಉತ್ತರ ಹೇಳುವ ಹೊಣೆ ನಮ್ಮ ಮೇಲಿದೆ.

ಶಿಬಿರದ ಮಾತು ತೆಗೆದವರು ನಮ್ಮ ದಾನಿಗಳಲ್ಲಿ ಒಬ್ಬರು. ಅಣ್ಣನನ್ನು ದೊಡ್ಡ ಕರುಳಿನ ಕ್ಯಾನ್ಸರಿಗೆ ಕಳೆದುಕೊಂಡವರು. "ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದ" ಎಂಬ ನೋವು ಅವರಿಗೆ ಇನ್ನೂ ಆರಿಲ್ಲ. ಒಂದೇ ಸಲ ರಕ್ತ ತೆಗೆದು ಐದು ಬಗೆಯ ಕ್ಯಾನ್ಸರ್ ಪರೀಕ್ಷೆ ಮಾಡುವ ಪ್ಯಾಕೇಜಿನ ಕರಪತ್ರವನ್ನು ತಂದು ನಮ್ಮ ಮುಂದಿಟ್ಟು, ವಿದ್ಯಾರ್ಥಿವೇತನದ ಎಲ್ಲ ಕುಟುಂಬಗಳ ಖರ್ಚನ್ನೂ ತಾವೇ ಕೊಡುವುದಾಗಿ ಹೇಳಿದರು. ಅಲ್ಲಿಯೇ ಒಪ್ಪಿಕೊಂಡೆವು. ಬೇಡವೆನ್ನಲು ಮನಸ್ಸಾದರೂ ಹೇಗೆ ಬಂದೀತು?

ಶಿಬಿರದ ತಯಾರಿ ನಡೆದಿದ್ದಾಗಲೇ ಪಿಯುಸಿ ಮೊದಲ ವರ್ಷದ ಒಬ್ಬ ಹುಡುಗಿ ಕಚೇರಿಗೆ ಬಂದಳು. ಕೈಯಲ್ಲಿ ಟಿ.ಸಿ. ಅರ್ಜಿ. "ಸರ್ರಿ, ಅಬ್ಬಾಗ ಕ್ಯಾನ್ಸರ್ ಬಂದೈತ್ರಿ. ನಾ ಕಾಲೇಜು ಬಿಡಬೇಕಾಗೈತ್ರಿ" ಎಂದಳು. ತಂದೆ ಲಾರಿ ಓಡಿಸುವವರು. ಊರೂರು ತಿರುಗುವಾಗ ಎಲ್ಲೋ ಅಗ್ಗದ ದರದಲ್ಲಿ "ಪೂರ್ತಿ ದೇಹದ ತಪಾಸಣೆ" ಮಾಡಿಸಿಕೊಂಡಿದ್ದರು. ರಿಪೋರ್ಟಿನಲ್ಲಿ ಸಿಇಎ ಎಂಬ ಹೆಸರಿನ ಮುಂದೆ 6.8 ಎಂದು ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ "5ಕ್ಕಿಂತ ಕಡಿಮೆ ಇರಬೇಕು" ಎಂಬ ಸಾಲು. ಅಷ್ಟು ಸಾಕಾಗಿತ್ತು. ಮನೆಯಲ್ಲಿ ಅಳು, ಬಂಗಾರ ಒತ್ತೆ, ಮಗಳ ಓದಿಗೆ ಕತ್ತರಿ.

30 ವರ್ಷ ವಿಜ್ಞಾನ ಕಲಿಸಿದವರು ನಾವು. ಆ ಅಂಕಿಯ ಅರ್ಥ ನಮಗೂ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಅವರನ್ನು ಹುಬ್ಬಳ್ಳಿಯ ಕ್ಯಾನ್ಸರ್ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ರಿಪೋರ್ಟ್ ನೋಡುವ ಮೊದಲೇ ಕೇಳಿದ ಪ್ರಶ್ನೆ: "ದಿನಕ್ಕ ಎಷ್ಟು ಬೀಡಿ ಸೇದ್ತೀರಿ?" ಎರಡು ಕಟ್ಟು. ವಯಸ್ಸು 50 ದಾಟಿದ್ದರಿಂದ ಎದೆಯ ಎಕ್ಸ್-ರೇ ಮತ್ತು ಕರುಳಿನ ದುರ್ಬೀನು ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿದಾಗಲೂ ಅಂಕಿ ಅಲ್ಲಿಯೇ ನಿಂತಿತ್ತು. ಬೀಡಿ-ಸಿಗರೇಟ್ ಸೇದುವವರಲ್ಲಿ ಸಿಇಎ ಮಾಮೂಲಿಗಿಂತ ಮೇಲಿರುತ್ತದೆ. ಅಷ್ಟೇ ಸಂಗತಿ. ಆದರೆ ಹುಡುಗಿಯ ಎರಡು ತಿಂಗಳ ಪಾಠ ಹೋಯಿತು, ಒತ್ತೆಯಿಟ್ಟ ಬಂಗಾರದ ಬಡ್ಡಿ ಬೆಳೆಯಿತು.

ಹೊರಡುವಾಗ ನಮ್ಮ ಶಿಬಿರದ ವಿಷಯವನ್ನು ಅವರಿಗೆ ಹೇಳಿದೆವು. ಅವರು ಬೈಯಲಿಲ್ಲ. "ಇಂಥಾ ಎಷ್ಟು ಮನಿ ಮಾಡವ್ರಿದ್ದೀರಿ ಗುರುಗಳ?" ಎಂದು ಮಾತ್ರ ಕೇಳಿದರು. ಅಂದಿನಿಂದ ನಾವು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಟ್ಯೂಮರ್ ಮಾರ್ಕರ್ ಎಂದರೆ ಗಡ್ಡೆಯ ಗುರುತು. ಕ್ಯಾನ್ಸರ್ ಜೀವಕೋಶಗಳು ಬೆಳೆಯುವಾಗ ಕೆಲವು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳನ್ನು ಅಳೆಯುವುದೇ ಈ ಪರೀಕ್ಷೆ. ಅಳತೆ ಬಹಳ ಸೂಕ್ಷ್ಮ. ಸಿಇಎ ಅಂಕಿ 5 ಎಂದರೆ ಒಂದು ಮಿಲಿಲೀಟರ್ ರಕ್ತದ ದ್ರವದಲ್ಲಿ 5 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ದೊಡ್ಡ ಕರುಳಿನ ಕ್ಯಾನ್ಸರಿಗೆ ಸಿಇಎ, ಅಂಡಾಶಯಕ್ಕೆ ಸಿಎ 125, ಸ್ತನಕ್ಕೆ ಸಿಎ 15-3, ಪ್ರೊಸ್ಟೇಟಿಗೆ ಪಿಎಸ್ಎ, ಯಕೃತ್ತಿಗೆ ಎಎಫ್‌ಪಿ, ಮೇದೋಜೀರಕ ಗ್ರಂಥಿಗೆ ಸಿಎ 19-9. ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಇವೇ.

ಸಿಇಎ ಕಥೆ ನಮಗೆ ಪಾಠ ಹೇಳುವಂಥದ್ದು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯ ವಿಜ್ಞಾನಿಗಳು ಇದನ್ನು ಗುರುತಿಸಿದರು. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಕರುಳು ಇದನ್ನು ತಯಾರಿಸುತ್ತದೆ. ಹುಟ್ಟುವ ಹೊತ್ತಿಗೆ ಆ ಕೆಲಸ ಬಹುತೇಕ ನಿಂತುಹೋಗುತ್ತದೆ. ಕರುಳಿನಲ್ಲಿ ಕ್ಯಾನ್ಸರ್ ಹುಟ್ಟಿದಾಗ ಆ ಜೀವಕೋಶಗಳು ಮರೆತ ಹಳೆಯ ಪಾಠವನ್ನು ಮತ್ತೆ ಒಪ್ಪಿಸಲು ಶುರು ಮಾಡುತ್ತವೆ. ಒಂದು ಹನಿ ರಕ್ತದಿಂದ ಕ್ಯಾನ್ಸರ್ ಕಂಡುಹಿಡಿಯುವ ಕಾಲ ಬಂತೆಂದು ಆಗ ಎಲ್ಲರೂ ನಂಬಿದರು. ಮುಂದೆ ತಿಳಿದದ್ದೇ ಬೇರೆ. ಧೂಮಪಾನಿಗಳಲ್ಲಿ, ಯಕೃತ್ತಿನ ಕಾಯಿಲೆ ಇದ್ದವರಲ್ಲಿ, ಕರುಳಿನ ಉರಿಯೂತ ಇದ್ದವರಲ್ಲಿಯೂ ಸಿಇಎ ಏರುತ್ತದೆ. ಅತ್ತ ಕರುಳಿನ ಕ್ಯಾನ್ಸರ್ ಇನ್ನೂ ಚಿಕ್ಕದಾಗಿ, ಗುಣಪಡಿಸುವ ಹಂತದಲ್ಲಿ ಇದ್ದಾಗ ಹೆಚ್ಚಿನವರಲ್ಲಿ ಅಂಕಿ ಮಾಮೂಲಾಗಿಯೇ ಇರುತ್ತದೆ. ಎಂದರೆ ಇಲ್ಲದವರನ್ನು ಹೆದರಿಸುತ್ತದೆ, ಇದ್ದವರಿಗೆ ಸುಳ್ಳು ಧೈರ್ಯ ಕೊಡುತ್ತದೆ.

ಉಳಿದವುಗಳ ಹಣೆಬರಹವೂ ಹೆಚ್ಚುಕಡಿಮೆ ಇದೇ. ವಯಸ್ಸಾದ ಗಂಡಸರಲ್ಲಿ ಪ್ರೊಸ್ಟೇಟ್ ಸುಮ್ಮನೆ ಊದಿಕೊಂಡರೂ ಪಿಎಸ್ಎ ಏರುತ್ತದೆ. ಸಿಎ 125 ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಗರ್ಭಕೋಶದ ಸಾದಾ ಗಂಟಿನಿಂದಲೂ ಏರಬಹುದು. ನಮ್ಮ ಕಡೆಯವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಹೊಟ್ಟೆಯ ಟಿ.ಬಿ. ಆದ ಹೆಣ್ಣುಮಕ್ಕಳಲ್ಲಿ ಹೊಟ್ಟೆಗೆ ನೀರು ತುಂಬಿ, ಸಿಎ 125 ನೂರಾರು ಅಂಕಿಗೆ ಏರಿ, ನೋಡಿದವರಿಗೆ ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಅದು ಟಿ.ಬಿ. ಮಾತ್ರೆಗೆ ವಾಸಿಯಾಗುವ ರೋಗ. ಆದ್ದರಿಂದಲೇ ರಕ್ತದ ಅಂಕಿ ನೋಡಿ ಯಾರೂ ಕ್ಯಾನ್ಸರ್ ಎಂದು ತೀರ್ಪು ಕೊಡುವುದಿಲ್ಲ. ಬಹುತೇಕ ಎಲ್ಲ ಗಡ್ಡೆಗಳಿಗೂ ಕೊನೆಯ ಮಾತು ಬಯಾಪ್ಸಿಯದು.

ಶಾಲೆಯ ಗಣಿತದಲ್ಲಿಯೇ ನೋಡಿ. ಒಂದು ಪರೀಕ್ಷೆ ಆರೋಗ್ಯವಂತರಾದ 100 ಜನರಲ್ಲಿ 5 ಜನರಿಗೆ ತಪ್ಪಾಗಿ "ಹೆಚ್ಚಿದೆ" ಎನ್ನುತ್ತದೆಂದು ಹಿಡಿಯೋಣ. 95 ಜನ ಪಾರು. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದ ಇಂಥ ಐದು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದರೆ, ಐದರಲ್ಲೂ ಪಾರಾಗುವವರು 77 ಜನ ಮಾತ್ರ. ಉಳಿದ 23 ಜನ ಏನೂ ರೋಗವಿಲ್ಲದೆ ನಿದ್ದೆಗೆಡುತ್ತಾರೆ. ಅವರ ಮುಂದಿನ ಸ್ಕ್ಯಾನ್, ದುರ್ಬೀನು, ಹುಬ್ಬಳ್ಳಿಯ ಓಡಾಟ, ಕೂಲಿ ತಪ್ಪಿದ ದಿನಗಳು, ಇವುಗಳ ಖರ್ಚು ಪ್ಯಾಕೇಜಿನ ಕರಪತ್ರದಲ್ಲಿ ಇರಲಿಲ್ಲ.

ಬೇಗ ಹಿಡಿದರೆ ಕೆಲವರಾದರೂ ಉಳಿಯುವುದಿಲ್ಲವೇ ಎಂದು ದಾನಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ಇದನ್ನೇ ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಒಂದು ಗುಂಪಿಗೆ ಪ್ರತಿವರ್ಷ ಸಿಎ 125 ನೋಡಿದರು, ಇನ್ನೊಂದಕ್ಕೆ ಸ್ಕ್ಯಾನ್, ಮತ್ತೊಂದಕ್ಕೆ ಏನೂ ಇಲ್ಲ. ಕೊನೆಯ ಫಲಿತಾಂಶ 2021ರಲ್ಲಿ ಹೊರಬಂತು. ರಕ್ತ ಪರೀಕ್ಷೆಯ ಗುಂಪಿನಲ್ಲಿ ಕೆಲವು ಕ್ಯಾನ್ಸರ್‌ಗಳು ಮೊದಲ ಹಂತದಲ್ಲೇ ಸಿಕ್ಕವು, ನಿಜ. ಆದರೆ ಅಂಡಾಶಯದ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ಇಳಿಯಲಿಲ್ಲ.

ಹಾಗಾದರೆ ಈ ಪರೀಕ್ಷೆ ನಿರುಪಯೋಗಿಯೇ? ಅಲ್ಲ. ಕಾಯಿಲೆ ಈಗಾಗಲೇ ಗೊತ್ತಾಗಿ ಚಿಕಿತ್ಸೆ ಪಡೆದವರಿಗೆ ಇದು ಬಹಳ ಉಪಕಾರಿ. ಗಜೇಂದ್ರಗಡದ ಒಂದು ನೇಕಾರರ ಮನೆಯ ಉದಾಹರಣೆ ಕೊಡುತ್ತೇವೆ. ತಾಯಿಗೆ ಕರುಳಿನ ಕ್ಯಾನ್ಸರ್, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ಮಗ ನಮ್ಮ ವಿದ್ಯಾರ್ಥಿವೇತನದಲ್ಲಿ ಬಿ.ಎಸ್ಸಿ. ಓದುವವನು. ತಾಯಿಯ ಸಿಇಎ ಅಂಕಿಗಳನ್ನು ಅವನು ಗ್ರಾಫ್ ಹಾಳೆಯಲ್ಲಿ ಬರೆದಿಟ್ಟಿದ್ದ. ಶಸ್ತ್ರಚಿಕಿತ್ಸೆಗೆ ಮೊದಲು 18.4. ಆರು ವಾರದ ನಂತರ 2.1. ಗಡ್ಡೆ ಪೂರ್ತಿ ಹೊರಬಂದರೆ ಅಂಕಿ ಹೀಗೆ ನಾಲ್ಕಾರು ವಾರಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಉಳಿದಿದೆ ಎಂಬ ಅನುಮಾನ ಬರುತ್ತದೆ. ಆಮೇಲೆ ಮೂರು ತಿಂಗಳಿಗೊಮ್ಮೆ 2.3, 2.0, 2.6. ಗೆರೆ ಮಟ್ಟಸವಾಗಿತ್ತು. ನಂತರ 4.9. ಪ್ರಯೋಗಾಲಯದ ಮಿತಿಯಾದ 5ರ ಒಳಗೇ ಇದ್ದದ್ದರಿಂದ ರಿಪೋರ್ಟಿನಲ್ಲಿ ದಪ್ಪ ಅಕ್ಷರ ಬರಲಿಲ್ಲ. ಹುಡುಗ ಮಾತ್ರ ಗೆರೆ ಮೇಲೆದ್ದದ್ದನ್ನು ಕಂಡು ವೈದ್ಯರಿಗೆ ತೋರಿಸಿದ. ತಿಂಗಳ ನಂತರ ಮತ್ತೆ ನೋಡಿದಾಗ 7.8. ಸ್ಕ್ಯಾನಿನಲ್ಲಿ ಯಕೃತ್ತಿನಲ್ಲಿ ಒಂದೇ ಒಂದು ಚುಕ್ಕೆ ಕಂಡಿತು. ಒಂದೇ ಇದ್ದದ್ದರಿಂದ ಅದನ್ನು ಕತ್ತರಿಸಿ ತೆಗೆಯಲು ಸಾಧ್ಯವಾಯಿತು. ತಾಯಿಗೆ ಆಗ ಹೊಟ್ಟೆನೋವೂ ಇರಲಿಲ್ಲ, ಹಸಿವೂ ಕುಂದಿರಲಿಲ್ಲ. ಈಗ ಕಿಮೋ ನಡೆದಿದೆ.

ಕರುಳಿನ ರಕ್ತ ಮೊದಲು ಹೋಗುವುದು ಯಕೃತ್ತಿಗೆ. ಹರಡುವ ಜೀವಕೋಶಗಳು ಅಲ್ಲಿ ಬೇರೂರುವುದು ಅದಕ್ಕೇ ಹೆಚ್ಚು. ಅಂಕಿ ಏರಿದೆ ಎಂದರೆ ಎಲ್ಲೋ ಏನೋ ನಡೆದಿದೆ ಎಂದಷ್ಟೇ. ಎಲ್ಲಿ ಎಂದು ಹೇಳುವುದು ಸ್ಕ್ಯಾನ್. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ, ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 1,202 ಜನರನ್ನು ನಾಲ್ಕು ಗುಂಪು ಮಾಡಿದ್ದರು. ತೊಂದರೆ ಕಂಡಾಗ ಮಾತ್ರ ಬಂದವರಲ್ಲಿ 100ಕ್ಕೆ ಸುಮಾರು 2 ಜನರಿಗೆ ಮಾತ್ರ, ಮರುಕಳಿಸಿದ ರೋಗವನ್ನು ಗುಣಪಡಿಸುವ ಉದ್ದೇಶದ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು. ನಿಯಮಿತವಾಗಿ ಸಿಇಎ ನೋಡಿಸಿಕೊಂಡವರಲ್ಲಿ ಸುಮಾರು 7 ಜನರಿಗೆ. ಆಯುಷ್ಯ ಎಷ್ಟು ಹೆಚ್ಚಿತು ಎಂಬ ಲೆಕ್ಕದಲ್ಲಿ ಮಾತ್ರ ಗುಂಪುಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ.

ಎಲ್ಲ ಕ್ಯಾನ್ಸರಿಗೂ ಇದೇ ನಿಯಮವಲ್ಲ. ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮಹಿಳೆಯರಲ್ಲಿ, ಸಿಎ 125 ಏರಿದ ಕೂಡಲೇ ಕಿಮೋ ಶುರು ಮಾಡಿದವರೂ ತೊಂದರೆ ಕಾಣಿಸಿಕೊಂಡ ಮೇಲೆ ಮಾಡಿದವರೂ ಹೆಚ್ಚುಕಡಿಮೆ ಅಷ್ಟೇ ಕಾಲ ಬದುಕಿದರು ಎಂದು 2010ರಲ್ಲಿ ಬಂದ ಅಧ್ಯಯನ ತೋರಿಸಿತು. ಮೊದಲ ಗುಂಪಿನವರು ಕಿಮೋದ ಸಂಕಟವನ್ನು ಸುಮಾರು ಐದು ತಿಂಗಳು ಮೊದಲೇ ಉಂಡರು. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಏರಿದರೆ ಏನು ಮಾಡಬೇಕು ಎಂಬುದು ನೆರೆಮನೆಯವರ ಮಾತಲ್ಲ, ವೈದ್ಯರ ಮಾತು. ಕಿಮೋ ಶುರುವಾದ ಮೊದಲ ವಾರಗಳಲ್ಲಿ ಅಂಕಿ ಕೆಲವೊಮ್ಮೆ ಏರಿ ಆಮೇಲೆ ಇಳಿಯುತ್ತದೆ. ಅದಕ್ಕೆ ಹೆದರಿ ಚಿಕಿತ್ಸೆ ಬಿಡಬಾರದು. ಬೇರೆ ಬೇರೆ ಯಂತ್ರಗಳ ಅಳತೆ ಬೇರೆ ಬೇರೆ ಬರುತ್ತದೆ. ಒಂದು ಸಲ ಗದಗ, ಒಂದು ಸಲ ಹುಬ್ಬಳ್ಳಿ ಎಂದು ಪ್ರಯೋಗಾಲಯ ಬದಲಿಸಿದರೆ ಗ್ರಾಫಿನ ಗೆರೆ ಸುಳ್ಳು ಹೇಳುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಪರೀಕ್ಷೆಗಳನ್ನು ಕೆಡಿಸುತ್ತದೆ. ರಕ್ತ ಕೊಡುವಾಗ ಹೇಳಿರಿ.

ಎಎಫ್‌ಪಿ ವಿಷಯದಲ್ಲಿ ಒಂದು ವಿನಾಯಿತಿ ಇದೆ. ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಇದ್ದವರಿಗೆ, ಹೆಪಟೈಟಿಸ್ ಬಿ ಇರುವ ಕೆಲವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಜೊತೆಗೆ ಈ ಪರೀಕ್ಷೆಯನ್ನೂ ವೈದ್ಯರು ಮಾಡಿಸುವುದುಂಟು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಗುಟ್ಕಾ, ಎಲೆ-ಅಡಿಕೆ-ತಂಬಾಕು ತಿನ್ನದ ಓಣಿಯೇ ಇಲ್ಲ. ಬಾಯಿ ಕ್ಯಾನ್ಸರಿಗೆ ನೆಚ್ಚಬಹುದಾದ ರಕ್ತದ ಗುರುತು ಯಾವುದೂ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಬ್ಯಾಟರಿ ಮತ್ತು ನೋಡಬಲ್ಲ ಕಣ್ಣು. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ ಕಂಡರೆ ತಡಮಾಡಬಾರದು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗೆ ಸರ್ಕಾರದ್ದೇ ಕಾರ್ಯಕ್ರಮವಿದೆ. ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಕೇಳಬೇಕು. ನಮ್ಮ ಹೆಣ್ಣುಮಕ್ಕಳು ನಾಚಿಕೆಯಿಂದ ಹಿಂದೆ ಸರಿಯುತ್ತಾರೆಂದು ನಮಗೆ ಗೊತ್ತು. ಲೇಡಿ ಡಾಕ್ಟರ್ ಇರುವ ದಿನ ಕೇಳಿಕೊಂಡು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು.

ಇದನ್ನೆಲ್ಲ ಮುಂದಿಟ್ಟಾಗ ದಾನಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಆ ಗಜೇಂದ್ರಗಡದ ಹುಡುಗನಂಥವರಿಗೆ ಕೊಡಿ" ಎಂದರು. ಶಿಬಿರದ ಹಣ ಈಗ ಹಾಗೆಯೇ ಖರ್ಚಾಗುತ್ತಿದೆ. ಚಿಕಿತ್ಸೆ ಮುಗಿಸಿ ನಿಗಾದಲ್ಲಿರುವವರ ರಕ್ತ ಪರೀಕ್ಷೆ, ವೈದ್ಯರು ಬರೆದ ಸ್ಕ್ಯಾನ್, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿಬರುವ ಬಸ್ ಖರ್ಚು ಇದರಲ್ಲಿ ಸೇರಿವೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಅದನ್ನು ಬಳಸಿ, ಹೊರಗುಳಿದ ಖರ್ಚಿಗೆ ನಮ್ಮ ಬಳಿ ಬನ್ನಿ.

ನೆರವು ಬೇಕಾದ ಕುಟುಂಬಗಳು ವಿದ್ಯಾರ್ಥಿವೇತನದ ಅರ್ಜಿಯ ಜೊತೆಗೇ ವೈದ್ಯರ ಚೀಟಿ, ಬಯಾಪ್ಸಿ ರಿಪೋರ್ಟಿನ ಪ್ರತಿ ಮತ್ತು ಹಿಂದಿನ ಎಲ್ಲ ರಕ್ತ ಪರೀಕ್ಷೆಗಳ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿಟ್ಟು ತರಬೇಕು. ಹಳೆಯದೆಂದು ಯಾವ ಕಾಗದವನ್ನೂ ಎಸೆಯಬಾರದು. ಗ್ರಾಫ್ ಹಾಳೆ ಕಚೇರಿಯಲ್ಲಿ ಸಿಗುತ್ತದೆ, ಗೆರೆ ಎಳೆಯುವುದನ್ನು ಮಕ್ಕಳಿಗೆ ನಾವೇ ಕಲಿಸಿಕೊಡುತ್ತೇವೆ. ಮನೆಯಲ್ಲಿ ಯಾರದಾದರೂ ರಿಪೋರ್ಟಿನಲ್ಲಿ ದಪ್ಪ ಅಕ್ಷರದ ಅಂಕಿ ಬಂದರೆ, ಮಗುವಿನ ಟಿ.ಸಿ. ತೆಗೆಯುವ ಮೊದಲು ಆ ಕಾಗದ ಹಿಡಿದು ನಮ್ಮಲ್ಲಿಗೆ ಬನ್ನಿ.