ತಾಯಿಯ ಸಹಿ, ಮಗನ ಬರಹ

ಮಗನಿಗೆ ಜ್ವರ ಬಂದಾಗ ಶಾಲೆಗೆ ರಜಾ ಅರ್ಜಿ ಬರೆದು ಕಳಿಸಿರುತ್ತೀರಿ. ನಿಮಗೆ ಗೊತ್ತಿಲ್ಲದೆ ಅವನೇ ಒಂದು ಅರ್ಜಿ ಬರೆದು ನಿಮ್ಮ ಸಹಿಯನ್ನೂ ಹಾಕಿದ್ದಾನೆಂದು ತಿಳಿದರೆ? ನಮ್ಮಲ್ಲಿ ಹೆಚ್ಚಿನವರ ಕೈಗೆ ಮೊದಲು ಸಿಗುವುದು ಅವನ ಕಿವಿ!

ಅಮೇರಿಕದ ಇಂಗ್ಲಿಷ್ ಅಧ್ಯಾಪಕ ಫ್ರಾಂಕ್ ಮೆಕೋರ್ಟ್ ಬೇರೆಯೇ ದಾರಿ ಹಿಡಿದರು. 1958ರಲ್ಲಿ ಅವರು ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ವೃತ್ತಿ ಶಿಕ್ಷಣದ ಹೈಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದರು. ಕೈಕಸುಬು ಕಲಿತು ದುಡಿಯಲು ಹೋಗುವ ಮಕ್ಕಳಿಗೆ ಪ್ರಬಂಧ, ವ್ಯಾಕರಣ ಯಾಕೆ ಬೇಕು? ಮೊದಲ ದಿನವೇ ಹುಡುಗನೊಬ್ಬ ತರಗತಿಯಲ್ಲಿ ಸ್ಯಾಂಡ್‌ವಿಚ್ ಎಸೆದ. ಅಧ್ಯಾಪಕರು ಅದನ್ನು ಹೆಕ್ಕಿ ತಿಂದುಬಿಟ್ಟರು. ಹಸಿವು ಕಂಡು ಬೆಳೆದವರು ಅವರು.

ಪ್ರಬಂಧ ಎಂದರೆ ನಾಲ್ಕು ಸಾಲಿಗೇ ಸುಸ್ತಾಗುತ್ತಿದ್ದ ಈ ಮಕ್ಕಳು ತಾಯಿಯ ಹೆಸರಿನಲ್ಲಿ ತಾವೇ ಬರೆದು ತರುತ್ತಿದ್ದ ಚೀಟಿಗಳನ್ನು ಅವರು ಒಂದು ದಿನ ಕುಳಿತು ಓದಿದರು. ಎಂಥ ಕಲ್ಪನೆ, ಎಂಥ ವಿವರ! ಬರೆಯಲು ಬಾರದ ಮಕ್ಕಳಲ್ಲ ಇವರು. ಸುಳ್ಳು ಸಹಿ ತಪ್ಪೇ, ಅದನ್ನು ಸರಿಯೆನ್ನಲು ನಾನು ಹೊರಟಿಲ್ಲ. ಆದರೆ ಅವರು ಬೆತ್ತ ಹುಡುಕಲಿಲ್ಲ. ಹೆಸರು ಹೇಳದೆ ಚೀಟಿಗಳನ್ನು ತರಗತಿಗೆ ಓದಲು ಕೊಟ್ಟರು. ಮುಂದೆ ನಿಮಗೂ ಹದಿನೈದು ವರ್ಷದ ಮಗನೋ ಮಗಳೋ ಇರುತ್ತಾರೆ, ಅವರ ಪರವಾಗಿ ಈಗಲೇ ಒಂದು ಚೀಟಿ ಬರೆಯಿರಿ ಎಂದರು. ಅಂದು ತರಗತಿ ತಲೆಯೆತ್ತದೆ ಬರೆಯಿತು.

ಇನ್ನು ಅವರು ಕಲಿತದ್ದನ್ನು ಕೇಳಿ. ಐರ್ಲೆಂಡಿನ ಲಿಮರಿಕ್ ಪಟ್ಟಣದ ಕಡುಬಡತನದಲ್ಲಿ ಬೆಳೆದು, ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು ಮೆಕೋರ್ಟ್. ಹೈಸ್ಕೂಲಿನ ಮೆಟ್ಟಿಲು ಹತ್ತದೆಯೇ ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪಡೆದು ಪದವೀಧರರಾದರು. ಆ ಬಾಲ್ಯದ ಬಗ್ಗೆ ಅವರಿಗೆ ನಾಚಿಕೆಯಿತ್ತು. ಪಾಠ ತಪ್ಪಿಸಲೆಂದೇ ಮಕ್ಕಳು "ಸರ್, ನಿಮ್ಮ ಊರಿನ ಕಥೆ ಹೇಳಿ" ಎಂದು ದುಂಬಾಲು ಬೀಳುತ್ತಿದ್ದರು. (ಈ ಉಪಾಯ ನಮ್ಮ ಮಕ್ಕಳಿಗೂ ಗೊತ್ತು!) ಹೇಳುತ್ತಾ ಹೇಳುತ್ತಾ ನಾಚಿಕೆ ಕರಗಿತು. ಯಾವ ಮಾತಿಗೆ ತರಗತಿ ನಗುತ್ತದೆ, ಯಾವುದಕ್ಕೆ ಮೌನವಾಗುತ್ತದೆ ಎಂಬುದನ್ನು ಅವರು ಸುಮಾರು 30 ವರ್ಷ ಆ ಮಕ್ಕಳಿಂದಲೇ ಕಲಿತರು.

ನಿವೃತ್ತರಾದ ಮೇಲೆ ಆ ಬಾಲ್ಯವನ್ನು ಬರೆದರು. 1996ರಲ್ಲಿ ಪುಸ್ತಕ ಹೊರಬಂದಾಗ ಅವರಿಗೆ 66 ವರ್ಷ. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. 2009ರಲ್ಲಿ ಅವರು ನಿಧನರಾದರು. ಆ ಪುಸ್ತಕದ ಹೆಸರು 'ಆಂಜೆಲಾಸ್ ಆಶಸ್'. ಆಂಜೆಲಾ ಅವರ ತಾಯಿ. ಮಗನ ಬರಹದ ಮೇಲೆ ತನ್ನ ಹೆಸರು ಅಚ್ಚಾದುದನ್ನು ನೋಡಲು ಆಕೆ ಇರಲಿಲ್ಲ. 1981ರಲ್ಲೇ ತೀರಿಕೊಂಡಿದ್ದರು.