ಬಾಯಿಯ ಕ್ಯಾನ್ಸರ್ ಕುತ್ತಿಗೆ ದಾಟುವ ಮೊದಲು

ಪಶುವೈದ್ಯರಿಗೆ ಮನುಷ್ಯರ ರೋಗದ ಉಸಾಬರಿ ಏಕೆಂದು ಸದಸ್ಯ ಬಾಂಧವರು ಕೇಳಬಹುದು. ಸಂಘದ ಮುಂದೆ ಹಾಲು ಹಾಕಲು ನಿಂತವರಲ್ಲಿ ಅನೇಕರ ದವಡೆಯಲ್ಲಿ ಹೊಗೆಸೊಪ್ಪು ಇರುವುದನ್ನು ದಿನವೂ ನೋಡುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು.

ನಮ್ಮಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಆರಂಭವಾಗುವುದು ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಕೆನ್ನೆಯ ಒಳಭಾಗದಲ್ಲಿ, ಒಸಡಿನ ಸಂದಿನಲ್ಲಿ. ಮೊದಲಿಗೆ ವಾಸಿಯಾಗದ ಒಂದು ಹುಣ್ಣು ಇಲ್ಲವೇ ಬಿಳಿ, ಕೆಂಪು ಮಚ್ಚೆ, ಅಷ್ಟೆ. ಆಗ ನೋವು ಅಷ್ಟಾಗಿ ಇರದ ಕಾರಣ ಯಾರೂ ಲೆಕ್ಕಿಸುವುದಿಲ್ಲ. ಆದರೆ ಗೆಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ದುಗ್ಧರಸದ ನಾಳಗಳ ಮೂಲಕ ದವಡೆಯ ಕೆಳಗಿನ ಹಾಗೂ ಕುತ್ತಿಗೆಯ ದುಗ್ಧರಸ ಗ್ರಂಥಿಗಳನ್ನು ಸೇರುತ್ತವೆ. (ಹೆಸರಿನಲ್ಲಿ ದುಗ್ಧವಿದ್ದರೂ ಹಾಲಿಗೂ ಇದಕ್ಕೂ ಸಂಬಂಧವಿಲ್ಲ.)

ಹೈನುಗಾರರಿಗೆ ಈ ಗ್ರಂಥಿ ಹೊಸತಲ್ಲ. ಉಣ್ಣೆ ಕಚ್ಚಿ ಬರುವ ಥೈಲೇರಿಯಾ ಜ್ವರದಲ್ಲಿ ಮಿಶ್ರತಳಿ ಹಸುವಿನ ಭುಜದ ಮುಂದೆ ಗೆಡ್ಡೆಯಂತೆ ಊದಿಕೊಳ್ಳುವುದು ಇದೇ ಬಗೆಯ ಗ್ರಂಥಿ. ಹಸುವಿಗಾದರೆ ಅದೇ ದಿನ ನಮಗೆ ಹೇಳಿ ಕಳುಹಿಸುತ್ತೀರಿ. ತಮ್ಮ ಕುತ್ತಿಗೆಯಲ್ಲಿ ಗಂಟು ಕಂಡರೆ ಮಾತ್ರ ಶಾಖ ಕೊಟ್ಟು, ಪಟ್ಟು ಹಾಕಿ ತಿಂಗಳುಗಟ್ಟಲೆ ಕಾಯುವವರೇ ಹೆಚ್ಚು!

ಈ ಗಂಟು ಸಾಮಾನ್ಯವಾಗಿ ಗಟ್ಟಿಯಾಗಿದ್ದು ನೋಯುವುದಿಲ್ಲ. ರೋಗ ಇಲ್ಲಿಗೆ ತಲುಪಿದರೆ ಬದುಕುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೂ ಬಾಯಿಯ ಗೆಡ್ಡೆಯೊಂದಿಗೆ ಕುತ್ತಿಗೆಯ ಗ್ರಂಥಿಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆದು, ಬಳಿಕ ವಿಕಿರಣ ಚಿಕಿತ್ಸೆ ಕೊಟ್ಟು ಗುಣಪಡಿಸುವ ಅವಕಾಶ ಇನ್ನೂ ಇರುತ್ತದೆ. ಮುಂದೆ ರಕ್ತವನ್ನು ಸೇರಿದ ಜೀವಕೋಶಗಳು ಎಲ್ಲಕ್ಕಿಂತ ಹೆಚ್ಚಾಗಿ ಶ್ವಾಸಕೋಶದಲ್ಲಿ, ಕೆಲವರಲ್ಲಿ ಮೂಳೆ, ಯಕೃತ್ತಿನಲ್ಲಿ ಬೇರೂರುತ್ತವೆ. ಶ್ವಾಸಕೋಶದಲ್ಲಿ ಬೆಳೆದರೂ ಅದು ಬಾಯಿಯ ಕ್ಯಾನ್ಸರೇ. ಆಗ ಚಿಕಿತ್ಸೆಯಿಂದ ಕೆಲಕಾಲ ಹತೋಟಿಯಲ್ಲಿಡಬಹುದು, ಪೂರ್ಣ ಗುಣವಾಗುವುದು ಅಪರೂಪ.

ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ಮಾತು ಹಳ್ಳಿಗಳಲ್ಲಿದೆ. ಇದನ್ನು ನಂಬಬೇಡಿ. ಹರಡುವುದು ತಡ ಮಾಡುವುದರಿಂದ. ಹೊಗೆಸೊಪ್ಪಿಲ್ಲದ ಬರೀ ಅಡಿಕೆ ನಿರಪಾಯವೆಂಬುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ತೋಟವಿರುವ ಸದಸ್ಯರು ಬೇಸರಿಸಬಾರದು.

ತಿಂಗಳಿಗೊಮ್ಮೆ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ, ಬೆರಳಿನಿಂದ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ತಡವಿ ನೋಡಿ. ಎರಡು ವಾರದಲ್ಲಿ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಬಾರದಿರುವುದು, ಕರಗದ ಗಂಟು, ಇವುಗಳಲ್ಲಿ ಒಂದಿದ್ದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿರಿ. ಅಗತ್ಯವಿದ್ದರೆ ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆಗೆ ಚೀಟಿ ಬರೆದುಕೊಡುತ್ತಾರೆ. ಹೋಗುವಾಗ ರೇಷನ್ ಕಾರ್ಡ್ ಮತ್ತು ಆಧಾರ್ ಮರೆಯದೆ ಒಯ್ಯಿರಿ.