ಕಂಪ್ಯೂಟರಿನಲ್ಲಿರುವ ಬರಹದ ಸಂರಕ್ಷಣೆ

ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆಂದು ನಾವು ತರಗತಿಗಳಲ್ಲಿ ಓದುತ್ತೇವೆ. ಇವರಲ್ಲಿ ಪೊನ್ನನ ‘ಶಾಂತಿಪುರಾಣ’ವು ನಮಗೆ ದೊರೆತಿದೆ, ಅವನದೇ ಆದ ‘ಭುವನೈಕರಾಮಾಭ್ಯುದಯ’ವು ದೊರೆತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಬ್ಬನೇ ಕವಿಯ ಎರಡು ಕೃತಿಗಳಿಗೆ ಒದಗಿದ ಈ ಭಿನ್ನಗತಿಗೆ ಪ್ರತಿಗಳ ಸಂಖ್ಯೆಯೊಂದೇ ಕಾರಣವೆನ್ನಲಾಗದು. ಆದರೂ ಬರಹವೊಂದು ಉಳಿಯಬೇಕಾದರೆ ಅದು ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಇರಬೇಕೆಂಬುದು ಅಂದಿನಂತೆ ಇಂದಿಗೂ ಸತ್ಯ.

ಇಂದು ನಮ್ಮ ಓಲೆಗರಿಯೆಂದರೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್. ವಿದ್ಯಾರ್ಥಿಯ ಪ್ರಬಂಧ, ಅಧ್ಯಾಪಕರ ಟಿಪ್ಪಣಿ, ಹಳ್ಳಿಯ ಅಜ್ಜಿಯರಿಂದ ಧ್ವನಿಮುದ್ರಿಸಿಕೊಂಡ ಪದಗಳು, ಮನೆಯವರ ಭಾವಚಿತ್ರಗಳು, ಎಲ್ಲವೂ ಅದರಲ್ಲಿಯೇ ಇವೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಇಂದು ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕು ಒಂದು ಲಕ್ಷ ಕೋಟಿ ಬೈಟುಗಳನ್ನು ಹಿಡಿಯಬಲ್ಲದು. ಸಾಮರ್ಥ್ಯವು ಬೆಳೆದಂತೆ, ಒಂದೇ ಪೆಟ್ಟಿಗೆ ಕಳೆದುಹೋಗಬಹುದಾದುದರ ಪ್ರಮಾಣವೂ ಬೆಳೆದಿದೆ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಬರೆಯುವ ಶಿರವು ಅವುಗಳ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದಂಶಕ್ಕಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ನಡೆಯುತ್ತಿರುವಾಗ ಯಂತ್ರವು ಕೆಳಗೆ ಬಿದ್ದರೆ ಶಿರವು ತಟ್ಟೆಗೆ ತಾಗಿ ಲೇಪವು ಕಿತ್ತುಹೋಗಬಹುದು. ಹೊಸ ಬಗೆಯ ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗಗಳಿಲ್ಲ. ಆದರೆ ಅದೂ ಸವೆಯುತ್ತದೆ, ಕೆಲವೊಮ್ಮೆ ಮುನ್ಸೂಚನೆಯಿಲ್ಲದೆ ಒಮ್ಮೆಲೇ ನಿಲ್ಲುತ್ತದೆ. ಇವಲ್ಲದೆ ಕಳ್ಳತನ, ವಿದ್ಯುತ್ತಿನ ಏರಿಳಿತ, ನಮ್ಮದೇ ಕೈತಪ್ಪು, ಇವೂ ಶತ್ರುಗಳೇ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಅನೇಕ ದೇಶಗಳ ಕಂಪ್ಯೂಟರುಗಳಲ್ಲಿದ್ದ ಫೈಲುಗಳನ್ನು ಬೀಗಹಾಕಿ, ಬಿಡಿಸಲು ಹಣ ಕೇಳಿತು.

ಹಾಗಾದರೆ ಮಾಡಬೇಕಾದುದೇನು? ಪ್ರತಿ ತೆಗೆದಿಡುವುದು, ಇದನ್ನೇ ಬ್ಯಾಕಪ್ ಎನ್ನುವರು. ಆದರೆ ಪ್ರತಿಯೆಂದು ತೋರುವುದೆಲ್ಲವೂ ಪ್ರತಿಯಲ್ಲ. ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ ಇಟ್ಟದ್ದು ಡಿಸ್ಕಿನೊಡನೆಯೇ ಹೋಗುವುದು. ಕಂಪ್ಯೂಟರಿನೊಡನೆ ತಾನಾಗಿಯೇ ಸರಿಹೊಂದುತ್ತಿರುವ ಕ್ಲೌಡ್ ಫೋಲ್ಡರಿನಲ್ಲಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುವುದು. ಹಳೆಯ ರೂಪಗಳನ್ನು ಅದು ಕಾದಿರಿಸಿದ್ದರೆ ಮಾತ್ರ ಮರಳಿ ಪಡೆಯಬಹುದು. ಮೂಲಕ್ಕೆ ಬಂದ ಕೇಡು ತನಗೆ ತಾಗದಂತೆ ದೂರವಿರುವುದೇ ಪ್ರತಿಯ ಮುಖ್ಯ ಲಕ್ಷಣ.

ಇದಕ್ಕಾಗಿ ತಿಳಿದವರು 3-2-1 ಎಂಬ ಸುಲಭ ಸೂತ್ರವನ್ನು ಹೇಳುತ್ತಾರೆ. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಬೇರೆಯ ಸ್ಥಳದಲ್ಲಿರಬೇಕು. ಕಂಪ್ಯೂಟರಿನಲ್ಲಿ ಒಂದು, ಯು.ಎಸ್.ಬಿ. ಮೂಲಕ ಜೋಡಿಸುವ ಹೊರ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಇನ್ನೊಂದು ಇದ್ದರೆ ಸೂತ್ರವು ಪೂರ್ಣವಾಯಿತು. ಹೊರ ಡಿಸ್ಕನ್ನು ಕೆಲಸ ಮುಗಿದೊಡನೆ ಕಳಚಿಡಬೇಕು; ಜೋಡಿಸಿಯೇ ಇದ್ದರೆ ಬೀಗಹಾಕುವ ತಂತ್ರಾಂಶವು ಅದನ್ನೂ ಬಿಡದು.

ಎಲ್ಲವನ್ನೂ ದಿನವೂ ನಕಲಿಸಬೇಕಾಗಿಲ್ಲ. ಮೊದಲು ಒಂದು ಪೂರ್ಣಪ್ರತಿಯನ್ನು ತೆಗೆದು, ಬಳಿಕ ಬದಲಾದ ಫೈಲುಗಳನ್ನಷ್ಟೇ ಸೇರಿಸುತ್ತ ಹೋಗಬಹುದು. ವಿಂಡೋಸಿನ ‘ಫೈಲ್ ಹಿಸ್ಟರಿ’, ಮ್ಯಾಕಿನ ‘ಟೈಮ್ ಮಷೀನ್’ ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ. ಮೊನ್ನೆಯ ರೂಪವನ್ನೂ ಹೋದ ತಿಂಗಳ ರೂಪವನ್ನೂ ಬೇರೆಬೇರೆಯಾಗಿ ಇಡುವುದರಿಂದ, ಕೆಟ್ಟ ಫೈಲು ಒಳ್ಳೆಯ ಪ್ರತಿಯನ್ನು ಅಳಿಸಿಹಾಕುವ ಭಯವಿಲ್ಲ.

ಕೊನೆಯದಾಗಿ, ಬಹುಮಂದಿ ಮರೆಯುವ ಮಾತೊಂದಿದೆ. ಪ್ರತಿಯನ್ನು ತೆಗೆದರೆ ಸಾಲದು. ಅದು ತೆರೆಯುವುದೇ ಎಂದು ಪರೀಕ್ಷಿಸಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗವು ತಪ್ಪು ಆಜ್ಞೆಯೊಂದರಿಂದ ಅಳಿಸಿಹೋಯಿತು. ಬ್ಯಾಕಪ್ಪನ್ನು ತೆರೆದು ನೋಡಿದರೆ ಅದೂ ಸರಿಯಾಗಿ ಕೆಲಸಮಾಡಿರಲಿಲ್ಲ. ಹೆರಿಗೆಯಾದ ಬಳಿಕ ಮನೆಯಿಂದಲೇ ದುಡಿಯುತ್ತಿದ್ದ ಉದ್ಯೋಗಿಯೊಬ್ಬರ ಕಂಪ್ಯೂಟರಿನಲ್ಲಿ ಪ್ರತಿಯೊಂದು ಇದ್ದುದರಿಂದ ಚಿತ್ರವು ಉಳಿಯಿತು. ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಆದುದರಿಂದ ತಿಂಗಳಿಗೊಮ್ಮೆಯಾದರೂ ನಾಲ್ಕಾರು ಫೈಲುಗಳನ್ನು ಹೊರ ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿಗೆ ತಂದು ತೆರೆದು ನೋಡುವುದು ಒಳ್ಳೆಯದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ. ಯಂತ್ರವು ಕೆಟ್ಟರೆ ಹೊಸದನ್ನು ಕೊಳ್ಳಬಹುದು; ತೀರಿಹೋದ ಅಜ್ಜಿಯ ಧ್ವನಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅತ್ತಿಮಬ್ಬೆಗೆ ಸಾವಿರ ಪ್ರತಿಗಳು ಬೇಕಾದವು. ನಮಗೆ ಮೂರು ಸಾಕು.